ಗುಟ್ಟಿನ ಒಡೆತನ

ರಟ್ಟೀಹಳ್ಳಿಯಿಂದ ಹಾವೇರಿಯತ್ತ ಹೊರಡುವ ಬೆಳಗಿನ ಬಸ್ಸಿನಲ್ಲಿ, ಗೋವಿನಜೋಳದ ದರದ ಮಾತು ಇನ್ನೂ ಕಾವೇರದ ಹೊತ್ತಿನಲ್ಲಿ, ಕಿಟಕಿಯ ಕಡೆಗೆ ಮೋರೆ ತಿರುಗಿಸಿ ಕುಳಿತ ತರುಣನೊಬ್ಬನನ್ನೂ, ಅವನ ತೋಳನ್ನು ಹಗುರಾಗಿ ಹಿಡಿದುಕೊಂಡೇ ಕುಳಿತ ಅವನ ತಾಯಿಯನ್ನೂ ನಾನು ಹಲವು ಸಲ ಕಂಡಿದ್ದೇನೆ. ತರುಣರು ಬೇರೆ, ತಾಯಂದಿರು ಬೇರೆ, ಕುಳಿತ ಬಗೆ ಮಾತ್ರ ಒಂದೇ. ಹಿಂದಿನ ಸೀಟಿನ ಹಿರಿಯಳು ಸುಮ್ಮನಿರಲಾರದೆ ಕೇಳುವಳು: "ಎಲ್ಲಿಗಿ ಹೊಂಟೀ ತಂಗೀ?" ತಾಯಿ ಹೇಳುವಳು: "ಧಾರವಾಡಕ್ಕ ಹೊಂಟೀವಿ ಯಕ್ಕಾ, ಇವಗ ಕಣ್ಣು ತೋರಿಸ್ಬೇಕಾಗೇತಿ." ಹಿರಿಯಳು ಅರೆಗಳಿಗೆ ತಡೆದು, "ಛಲೋ ಆಗ್ತೈತಿ ತಗೋ, ಇತ್ತಿತ್ಲಾಗ ಔಷಧ ಭಾಳ ಛಲೋ ಬಂದಾವ" ಎನ್ನುವಳು. ಹಾವೇರಿಯ ಕಣ್ಣಿನ ವೈದ್ಯರನ್ನೂ, ದಾರಿಯಲ್ಲೇ ಸಿಗುವ ಹುಬ್ಬಳ್ಳಿಯ ಕಣ್ಣಿನ ದವಾಖಾನೆಗಳನ್ನೂ ದಾಟಿ ಧಾರವಾಡಕ್ಕೇ ಏಕೆ ಹೋಗಬೇಕೆಂದು ಆಕೆ ಕೇಳುವುದಿಲ್ಲ. ಆಕೆಗೆ ತಿಳಿದಿದೆ, ತಿಳಿದಿದೆಯೆಂಬುದು ತಾಯಿಗೂ ತಿಳಿದಿದೆ, ಆದರೂ ಆ 'ಕಣ್ಣು' ಎಂಬ ಮಾತು ಇಬ್ಬರ ನಡುವೆ ತೆರೆಯಂತೆ ಇಳಿಬಿದ್ದು ಒಬ್ಬಳ ಮಾನವನ್ನೂ ಇನ್ನೊಬ್ಬಳ ದಾಕ್ಷಿಣ್ಯವನ್ನೂ ಕಾಯುತ್ತದೆ.

ಮನಸ್ಸಿನ ಬೇನೆಗೆ ಚಿಕಿತ್ಸೆ ಪಡೆಯುವವರ ಗುಟ್ಟನ್ನು ಕಾಯುವುದು ಇಂದು ಮನಶ್ಶಾಸ್ತ್ರವನ್ನು ವೃತ್ತಿಯಾಗಿ ಹಿಡಿದವರ ಮೊದಲ ಧರ್ಮವೆಂದು ಎಣಿಸಲ್ಪಟ್ಟಿದೆ. ಅದಕ್ಕೆ ಕಾಯಿದೆಯ ಬಲವೂ ದೊರೆತಿದೆ. ಆದರೆ ಈ ಧರ್ಮಕ್ಕೆ ನಮ್ಮ ಸೀಮೆಯಲ್ಲಿ ಕಾಯಿದೆಗಿಂತ ಹಳೆಯ ಚರಿತ್ರೆಯೊಂದುಂಟು. ಆ ಚರಿತ್ರೆಯನ್ನು ನಾನು ಒಂದೇ ಪ್ರಶ್ನೆಯ ಬೆಳಕಿನಲ್ಲಿ ನೋಡಬಯಸುತ್ತೇನೆ: ಗುಟ್ಟು ಯಾರದು? ಊರಿನದೋ, ಮನೆತನದ್ದೋ, ಸರಕಾರದ್ದೋ, ಬೇನೆಯನ್ನುಂಡವನದೋ?

ಕುಮುದ್ವತಿಯ ದಡದ ರಟ್ಟೀಹಳ್ಳಿಯ ಬಹಿರಂಗದ ಚರಿತ್ರೆಗೆ ಸಾಕ್ಷಿಗಳು ಬೇಕಾದಷ್ಟಿವೆ. ಕಲ್ಯಾಣದ ಚಾಲುಕ್ಯರ ಕಾಲದ ತ್ರಿಕೂಟ ಕದಂಬೇಶ್ವರ ದೇವಾಲಯವಿದೆ, ಅಲ್ಲಿ ಶಾಸನಗಳಿವೆ. 1764ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಹೈದರಾಲಿಯನ್ನು ಈ ನೆಲದಲ್ಲಿಯೇ ಸೋಲಿಸಿದ ವೃತ್ತಾಂತವು ಗ್ಯಾಸೆಟಿಯರುಗಳಲ್ಲಿ ಅಚ್ಚಾಗಿದೆ. ದಾನ ಕೊಟ್ಟವನು ಎಲ್ಲರೂ ಓದಲೆಂದು ಕಲ್ಲಿನಲ್ಲಿ ಬರೆಸಿದನು, ಗೆದ್ದವನು ಎಲ್ಲರೂ ಕೇಳಲೆಂದು ಬಖೈರಿನಲ್ಲಿ ಬರೆಸಿದನು. ಚಿತ್ತಚಾಂಚಲ್ಯದಿಂದ ನರಳಿದವರ ಮನೆಯವರು ಯಾವ ಕಲ್ಲಿನಲ್ಲಿಯೂ ಏನನ್ನೂ ಬರೆಸಲಿಲ್ಲ. ಆದುದರಿಂದ ಅವರ ಚರಿತ್ರೆಯನ್ನು ಆಚಾರಗಳಲ್ಲಿ, ಮಾತಿನ ರೂಢಿಗಳಲ್ಲಿ, ಕಾಯಿದೆಯ ಕಲಮುಗಳಲ್ಲಿ ಹುಡುಕಬೇಕಾಗುತ್ತದೆ.

ಹಳೆಯ ಆಚಾರದಲ್ಲಿ ಮೊದಲು ಎದುರಾಗುವುದು ಮೈದುಂಬುವ ಪದ್ಧತಿ. ಗುಡಿಯ ಮುಂದೆ ಹೇಳಿಕೆ ಕೇಳಲು ಕೂಡಿದ ಜನರೆದುರಿಗೆ, ಅತ್ತೆಯ ಮನೆಯಲ್ಲಿ ವರ್ಷಗಟ್ಟಲೆ ತುಟಿ ಬಿಚ್ಚದಿದ್ದ ಸೊಸೆಯು ತಲೆ ಬಿಚ್ಚಿ ಹಾಕಿಕೊಂಡು ತೂಗಾಡುತ್ತ, ಹಸಿವನ್ನೂ ಹೊಡೆತವನ್ನೂ ಸತ್ತ ಕೂಸಿನ ಸಂಕಟವನ್ನೂ ಗಟ್ಟಿಯಾಗಿ ಹೇಳಿಬಿಡುತ್ತಾಳೆ. ಹೊರನೋಟಕ್ಕೆ ಇದು ಗೌಪ್ಯಕ್ಕೆ ನೇರ ವಿರೋಧವಾದ ನಡೆ. ಇಡೀ ಕೇರಿ ಕೇಳಿದೆ. ಆದರೆ ಆಡಿದವಳು ಆಕೆಯಲ್ಲ, ಮೈಮೇಲೆ ಬಂದ ದೇವತೆ ಅಥವಾ ಗಾಳಿ. ಮಾರನೆಯ ದಿನ ಆಕೆ ನೀರಿಗೆ ಹೋದಾಗ, "ನೀನು ಹೀಗಂದೆಯಂತೆ" ಎಂದು ಕೇಳುವವರಿಲ್ಲ, ಕೇಳಿದರೆ ಕೇಳಿದವರಿಗೇ ದೋಷ. ಗುಟ್ಟು ಹೊರಬಿದ್ದಿತು, ಹೊರೆ ಇಳಿಯಿತು, ಗುಟ್ಟಿನ ಒಡತಿ ಮಾತ್ರ ಮರೆಯಲ್ಲಿ ಉಳಿದಳು. ರಾಣೇಬೆನ್ನೂರು ಸೀಮೆಯ ದೇವರಗುಡ್ಡದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುವಾಗಲೂ ಮಾತು ಅವನದಲ್ಲ, ಮೈಲಾರಲಿಂಗನದು. ಮಾತಿಗೂ ಆಡಿದ ಬಾಯಿಗೂ ನಡುವೆ ದೇವರನ್ನು ನಿಲ್ಲಿಸುವ ಈ ಉಪಾಯವನ್ನು ಮೌಢ್ಯವೆಂದು ಸುಲಭವಾಗಿ ತಳ್ಳಿಹಾಕಿದವರನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ಈ ಪದ್ಧತಿಯ ಹೆಸರಿನಲ್ಲಿ ಬೆತ್ತದ ಪೆಟ್ಟು, ಮೆಣಸಿನಕಾಯಿಯ ಹೊಗೆ, ಸರಪಳಿ ಇವೆಲ್ಲ ನಡೆದಿವೆ, ಅವನ್ನು ಯಾರೂ ಸಮರ್ಥಿಸಲಾಗದು. ಆದರೂ ಬೇರೆ ಯಾವ ಬಾಗಿಲೂ ಇಲ್ಲದಿದ್ದ ಕಾಲದಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಮಾತಾಡಲು ಇದ್ದ ಎಡೆ ಅದೊಂದೇ.

ಶಾಸ್ತ್ರದ ವೈದ್ಯರ ದಾರಿ ಬೇರೆ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗುರುವು ಶಿಷ್ಯನಿಗೆ ಅಗ್ನಿಸಾಕ್ಷಿಯಾಗಿ ವಿಧಿಸುವ ನಿಯಮಗಳ ಸಾಲಿನಲ್ಲಿ, ರೋಗಿಯ ಮನೆಯನ್ನು ಹೊಕ್ಕ ವೈದ್ಯನು ಆ ಕುಲದ ನಡೆವಳಿಕೆಗಳನ್ನು ಹೊರಗೆ ಆಡಕೂಡದೆಂಬ ಕಟ್ಟಳೆಯಿದೆ. ಗ್ರೀಸಿನಲ್ಲಿ ಹಿಪೊಕ್ರೆಟಿಸನ ಹೆಸರಿನ ಪ್ರತಿಜ್ಞೆಯೂ ಇದನ್ನೇ ವಿಧಿಸುತ್ತದೆಯೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಚರಕನು ಕಾಯಲು ಹೇಳಿದ್ದು 'ಆತುರಕುಲ'ದ, ಎಂದರೆ ರೋಗಿಯ ಮನೆತನದ, ಸಂಗತಿಗಳನ್ನು ಎಂಬುದನ್ನು ಗಮನಿಸಬೇಕು. ಗುಟ್ಟು ಮನೆಯದು, ವೈದ್ಯನು ಅದನ್ನು ಬೀದಿಯಿಂದ ಕಾಯಬೇಕು. ಮನೆಯೊಳಗಿನ ಒಬ್ಬರು ಇನ್ನೊಬ್ಬರಿಂದ ಬಚ್ಚಿಡಬೇಕಾದ ಗುಟ್ಟಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಮನೆಯ ಮಾತು ಬೀದಿಗೆ ಬರಬಾರದೆಂಬ ನಮ್ಮ ಹಿರಿಯರ ನುಡಿಯೂ ಇದೇ ನೆಲೆಯದು.

1845ರಲ್ಲಿ ಧಾರವಾಡದಲ್ಲಿ ಕಂಪೆನಿ ಸರಕಾರವು ಹುಚ್ಚರ ಆಸ್ಪತ್ರೆಯನ್ನು ತೆರೆದಾಗ ಈ ನೆಲೆಯೇ ಅಲುಗಿತು. ಆಗ ರಟ್ಟೀಹಳ್ಳಿ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಹಿರೇಕೆರೂರಿನಲ್ಲಿ ಕಚೇರಿಯಿದ್ದ ತಾಲ್ಲೂಕಿಗೆ ಕೋಡ ತಾಲ್ಲೂಕೆಂದು ಹೆಸರು. ರೈಲು ಬರುವ ಮುನ್ನ ಇಲ್ಲಿಂದ ಧಾರವಾಡಕ್ಕೆ ಚಕ್ಕಡಿಯಲ್ಲಿ ದಿನಗಟ್ಟಲೆಯ ಹಾದಿ. ಆ ಹಾದಿಯನ್ನು ಕ್ರಮಿಸಿ ತಮ್ಮವರನ್ನು ತಾವಾಗಿಯೇ ಒಯ್ದು ಒಪ್ಪಿಸಿದವರು ವಿರಳವಾಗಿದ್ದಿರಬೇಕು. ಏಕೆಂದರೆ ಹುಚ್ಚರ ಆಸ್ಪತ್ರೆಗಳ ಕುರಿತ 1858ರ ಕಾಯಿದೆಯು ಮುಖ್ಯವಾಗಿ ನೋಡಿದ್ದು ಅಲೆಯುವ, ಅಪಾಯಕರನೆಂದು ತೋರಿದ, ನಂಟರು ಕೈಬಿಟ್ಟ ಮನುಷ್ಯನನ್ನು. ಅವನನ್ನು ಪೋಲೀಸರು ಹಿಡಿದು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸುವರು, ವೈದ್ಯಾಧಿಕಾರಿಯು ಪ್ರಮಾಣಪತ್ರ ಬರೆಯುವನು, ಮ್ಯಾಜಿಸ್ಟ್ರೇಟನು ಹುಕುಂ ಹೊರಡಿಸುವನು. ಮನಸ್ಸಿನ ಬೇನೆಯು ಮೊಟ್ಟಮೊದಲು ಕಾಗದವಾದುದು ಹೀಗೆ. ಊರಿನ ಬಾಯಿಯಲ್ಲಿ ಮೂರು ಸುಗ್ಗಿ ಕಳೆದರೆ ಮಾಸಿಹೋಗಬಹುದಾಗಿದ್ದ ಮಾತು, ಕಚೇರಿಯ ಕಡತದಲ್ಲಿ ಮಾಸದ ಮಸಿಯಾಗಿ ಕುಳಿತಿತು.

ಮುಂಬಯಿ ಪ್ರಾಂತದ ಹುಚ್ಚರ ಆಸ್ಪತ್ರೆಗಳ ವಾರ್ಷಿಕ ವರದಿಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಚ್ಚಾಗಿ ಹೊರಡುತ್ತಿದ್ದವು. ಅವುಗಳಲ್ಲಿ ಸೇರಿದವರ ಸಂಖ್ಯೆ, ಬಿಟ್ಟುಹೋದವರ ಸಂಖ್ಯೆ, ಸತ್ತವರ ಸಂಖ್ಯೆ, ಅವರ ಮತ, ಕಸಬು, ರೋಗಕ್ಕೆ ಕಾರಣವೆಂದು ಊಹಿಸಿದ್ದು ಇವಕ್ಕೆಲ್ಲ ಅಂಕಣಗಳು. ಕಾರಣಗಳ ಅಂಕಣದಲ್ಲಿ ಗಾಂಜಾ ಎಂಬುದು ಮತ್ತೆ ಮತ್ತೆ ಬರುತ್ತದೆ. ದುಃಖ ಎಂಬುದೂ ಉಂಟು. ಕೋಷ್ಟಕಗಳಲ್ಲಿ ಹೆಸರಿಲ್ಲ. ಇದನ್ನು ಗೌಪ್ಯವೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಹೆಸರನ್ನು ಬಿಟ್ಟುದು ಮರ್ಯಾದೆಯಿಂದಲ್ಲ, ಲೆಕ್ಕಕ್ಕೆ ಹೆಸರು ಬೇಡವಾಗಿದ್ದುದರಿಂದ. ಒಳಗಿನ ಕಡತದಲ್ಲಿ ಹೆಸರಿತ್ತು, ತಂದೆಯ ಹೆಸರಿತ್ತು, ಊರಿತ್ತು. ಅದನ್ನು ಸಿವಿಲ್ ಸರ್ಜನ್ನನು ನೋಡಬಹುದು, ಮ್ಯಾಜಿಸ್ಟ್ರೇಟನು ನೋಡಬಹುದು, ತಪಾಸಣೆಗೆ ಬರುವ ಸಂದರ್ಶಕರು ನೋಡಬಹುದು. ಯಾರ ಕುರಿತು ಬರೆಯಲಾಗಿದೆಯೋ ಅವನು ಮಾತ್ರ ನೋಡುವ ಹಾಗಿರಲಿಲ್ಲ. ಗುಟ್ಟಿನ ಒಡೆತನವು ಊರಿನಿಂದ ಸರಕಾರಕ್ಕೆ ದಾಟಿದ್ದು ಆ ಕಡತದ ಮೂಲಕ.

1912ರ ಭಾರತೀಯ ಉನ್ಮಾದ ಕಾಯಿದೆಯಲ್ಲಿ ಒಂದು ಸಣ್ಣ ಮಾತಿದೆ. ನಂಟನೊಬ್ಬನು ಎರಡು ವೈದ್ಯಕೀಯ ಪ್ರಮಾಣಪತ್ರಗಳೊಡನೆ ಅರ್ಜಿ ಕೊಟ್ಟಾಗ ಮ್ಯಾಜಿಸ್ಟ್ರೇಟನು ಅದರ ವಿಚಾರಣೆಯನ್ನು ಬಹಿರಂಗ ನ್ಯಾಯಾಲಯದಲ್ಲಲ್ಲದೆ ಖಾಸಗಿಯಾಗಿ ನಡೆಸಬೇಕೆಂದು ಅದು ವಿಧಿಸಿತು. ಕಚೇರಿಯ ಕಟ್ಟೆಯ ಮೇಲೆ ಕುಳಿತು ದಿನವಿಡೀ ಪರರ ಖಟ್ಲೆಗಳನ್ನು ಕೇಳುವ ಜನ ಎಲ್ಲ ತಾಲ್ಲೂಕಿನಲ್ಲಿಯೂ ಇರುವಾಗ, ಆ ಬಾಗಿಲನ್ನು ಮುಚ್ಚಿಸಿದ್ದು ಸಣ್ಣ ಉಪಕಾರವಲ್ಲ. ಆದರೆ ಅದೇ ಕಾಯಿದೆಯಡಿ ರೋಗಿಯನ್ನು ಧಾರವಾಡದ ಗೋಡೆಗಳೊಳಗೆ ಕೂಡಿಸಿದ ಮೇಲೆ ಅವನು ಅಲ್ಲಿರುವನೆಂಬುದೇ ಊರಿಗೆಲ್ಲ ಗೊತ್ತಿರುವ ಸುದ್ದಿ. 1920ರ ದಶಕದಲ್ಲಿ ದೇಶದ ಹುಚ್ಚರ ಆಸ್ಪತ್ರೆಗಳೆಲ್ಲ ಮಾನಸಿಕ ಆಸ್ಪತ್ರೆಗಳೆಂದು ಹೆಸರು ಬದಲಿಸಿಕೊಂಡವು. ಜನರ ನಾಲಗೆ ಬದಲಾಗಲಿಲ್ಲ. "ನಿನ್ನ ಧಾರವಾಡಕ್ಕ ಕಳಸಬೇಕು" ಎಂಬುದು ನಮ್ಮ ಕಡೆ ಬೈಗುಳವಾಯಿತು. ಸಾಹಿತ್ಯಕ್ಕೂ ಸಂಗೀತಕ್ಕೂ ತವರಾದ ನಗರದ ಹೆಸರು, ಒಂದು ಕಟ್ಟಡದ ದೆಸೆಯಿಂದ, ನೂರು ಹಳ್ಳಿಗಳಲ್ಲಿ ಕುತ್ತಿಗೆಗೆ ಕಟ್ಟುವ ಚೀಟಿಯಾಯಿತು. ಇಂದು ಆ ಸಂಸ್ಥೆಯು ಡಿಮ್ಹಾನ್ಸ್ ಎಂಬ ಹೆಸರಿನಿಂದ ಬೋಧನೆಯನ್ನೂ ಚಿಕಿತ್ಸೆಯನ್ನೂ ನಡೆಸುತ್ತಿದೆ, ಸಾವಿರಾರು ಜನ ಗುಣಹೊಂದಿ ಮನೆಗೆ ಮರಳುತ್ತಿದ್ದಾರೆ. ಬಸ್ಸಿನ ತಾಯಿ ಇನ್ನೂ 'ಕಣ್ಣು' ಎಂದೇ ಹೇಳಬೇಕಾಗಿದೆ.

ಆಕೆಯ ಅಂಜಿಕೆಯ ಬೇರು ಮದುವೆಯಲ್ಲಿದೆ. ಕನ್ಯೆಯನ್ನು ಕೇಳಲು ಬಂದವರು ಎದುರಿಗೆ ಚಹಾ ಕುಡಿದು, ಹಿಂದಿನಿಂದ ಅಗಸೆಯ ಅಂಗಡಿಯಲ್ಲಿ, ಬೀಗರ ಬೀಗರ ಮನೆಯಲ್ಲಿ ವಿಚಾರಿಸುತ್ತಾರೆ. ಅಣ್ಣನೊಬ್ಬನು ಧಾರವಾಡಕ್ಕೆ ಹೋಗಿಬಂದ ಸುದ್ದಿ ಸಾಕು, ತಂಗಿಯರಿಬ್ಬರ ನೆಂಟಸ್ತಿಕೆ ಮುರಿದುಬೀಳಲು. 1955ರ ಹಿಂದೂ ವಿವಾಹ ಕಾಯಿದೆಯು ಚಿತ್ತವಿಕಾರವನ್ನು ವಿಚ್ಛೇದನದ ಕಾರಣಗಳಲ್ಲಿ ಸೇರಿಸಿತು. 2003ರಲ್ಲಿ ಸರ್ವೋಚ್ಚ ನ್ಯಾಯಾಲಯವು ವೈವಾಹಿಕ ವ್ಯಾಜ್ಯದಲ್ಲಿ ಪಕ್ಷಕಾರರನ್ನು ವೈದ್ಯಪರೀಕ್ಷೆಗೆ ಒಳಪಡಿಸಲು ನ್ಯಾಯಾಲಯಕ್ಕೆ ಅಧಿಕಾರವುಂಟೆಂದು ಹೇಳಿತು. ಹೀಗಾಗಿ ಕೇಸ್‌ಪೇಪರ್ ಎಂಬ ಹಾಳೆಯು ಔಷಧದ ಲೆಕ್ಕಕ್ಕಿಂತ ಸಾಕ್ಷ್ಯದ ತುಣುಕಾಗಿ ಮನೆಯವರ ಕಣ್ಣಿಗೆ ಕಾಣತೊಡಗಿತು. ಗುಳಿಗೆಗಳನ್ನು ಹಾಳೆಯಿಂದ ಬಿಡಿಸಿ ಹಳೆಯ ಡಬ್ಬಿಗೆ ಸುರಿದು, ಜೋಳದ ಚೀಲದ ಹಿಂದೆ ಇಟ್ಟುಕೊಂಡು, ಯಾರಾದರೂ ಕಂಡು ಕೇಳಿದರೆ "ಗ್ಯಾಸಿನ ಗುಳಿಗಿರೀ" ಎನ್ನುವ ಸೊಸೆಯಂದಿರು ಇಂದಿಗೂ ಇದ್ದಾರೆ. ಡಬ್ಬಿ ಖಾಲಿಯಾದಾಗ ಮತ್ತೆ ತರಿಸಲು ಯಾರಿಗೆ ಹೇಳಬೇಕೆಂದು ತೋಚದೆ ಔಷಧವನ್ನು ನಡುವೆಯೇ ಬಿಟ್ಟು, ತಿಂಗಳೆರಡರಲ್ಲಿ ಮೊದಲಿಗಿಂತ ಹೆಚ್ಚು ನರಳಿದವರೂ ಇದ್ದಾರೆ. ಗುಟ್ಟನ್ನು ಕಾಯುವವರು ಬೇರೆ ಯಾರೂ ಇಲ್ಲದೆ ರೋಗಿಯೇ ಕಾಯಬೇಕಾಗಿ ಬಂದರೆ ಅದರ ಬೆಲೆ ಇದು.

ಈ ಹೊಣೆಯನ್ನು ವೃತ್ತಿಯೊಂದು ತನ್ನ ಹೆಗಲಿಗೆ ತೆಗೆದುಕೊಂಡ ಕಥೆಯು ಮೈಸೂರು ಸೀಮೆಯಲ್ಲಿ ಆರಂಭವಾಗುತ್ತದೆ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರಿಂದ ಮನಶ್ಶಾಸ್ತ್ರ ವಿಭಾಗ ರೂಪುಗೊಂಡಿತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ನೆರೆಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ, ರೋಗಿಯೊಡನೆ ಕುಳಿತು ಮಾತಿನಿಂದಲೂ ಪರೀಕ್ಷೆಗಳಿಂದಲೂ ಮನಸ್ಸನ್ನರಿಯುವ ಮನಶ್ಶಾಸ್ತ್ರಜ್ಞರ ತರಬೇತಿಯು ಮೊದಲಾಯಿತು. ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆದವು. ಗುಳಿಗೆ ಕೊಡುವ ವೈದ್ಯನಿಗೆ ರೋಗಿಯು ಅರ್ಧ ಹೇಳಿದರೂ ಔಷಧ ಕೆಲಸಮಾಡೀತು. ಮಾತನ್ನೇ ಔಷಧವಾಗಿ ಉಳ್ಳವನಿಗೆ ಅರ್ಧ ಹೇಳಿದರೆ ಚಿಕಿತ್ಸೆಯೇ ನಿಂತಿತು. ಹೇಳಿದ್ದು ಹೊರಬೀಳದೆಂಬ ಭರವಸೆಯಿಲ್ಲದೆ ಯಾರೂ ಪೂರ್ತಿ ಹೇಳರು. ಆದುದರಿಂದ ಗೌಪ್ಯವು ಈ ಕಸುಬಿಗೆ ಒಕ್ಕಲಿಗನಿಗೆ ಹದವಾದ ಮಣ್ಣಿದ್ದಂತೆ.

ಆದರೂ ಈ ಶಾಸ್ತ್ರವು ಬೆಳೆದುದು ರೋಗಿಗಳ ಕಥೆಗಳನ್ನು ಬರೆದುದರಿಂದಲೇ ಎಂಬುದು ಅದರ ಹುಟ್ಟಿನಲ್ಲಿಯೇ ಇರುವ ತೊಡಕು. ವಿಯೆನ್ನಾದಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅನ್ನಾ ಓ ಎಂಬ ಕಲ್ಪಿತ ಹೆಸರಿನಿಂದ ಮರೆಮಾಡಿದ ತರುಣಿಯು ಮುಂದೆ ಹೆಣ್ಣುಮಕ್ಕಳ ಉದ್ಧಾರಕ್ಕಾಗಿ ದುಡಿದ ಬರ್ತಾ ಪಾಪೆನ್‌ಹೈಮ್ ಎಂಬುದನ್ನು, ಆಕೆ ಗತಿಸಿದ ಎಷ್ಟೋ ವರ್ಷಗಳ ಮೇಲೆ, 1953ರಲ್ಲಿ ಫ್ರಾಯ್ಡನ ಚರಿತ್ರೆ ಬರೆದ ಜೋನ್ಸನು ಜಗತ್ತಿಗೆ ಸಾರಿದನು. ಬಿಚ್ಚಿದವನು ಹಗೆಯಲ್ಲ, ಶಾಸ್ತ್ರದ ಭಕ್ತ. ಕನ್ನಡದಲ್ಲಿ ಮನೋರೋಗಗಳ ವಿಷಯವನ್ನು ಜನರಿಗೆ ತಿಳಿಯ ಹೇಳಿದ ವೈದ್ಯರಾದ ಎಂ. ಶಿವರಾಂ, ಶಿವಮೊಗ್ಗದ ಅಶೋಕ ಪೈ, ನಿಮ್ಹಾನ್ಸಿನ ಸಿ. ಆರ್. ಚಂದ್ರಶೇಖರ್ ಇವರೆಲ್ಲ ಎದುರಿಸಬೇಕಾದ ಪ್ರಶ್ನೆಯೂ ಇದೇ: ಉದಾಹರಣೆಯಿಲ್ಲದೆ ಓದುಗನಿಗೆ ತಿಳಿಯದು, ಉದಾಹರಣೆಯಲ್ಲಿ ಒಂದು ಜೀವವಿದೆ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾದೆಮಿಯ ಮನ್ನಣೆ ದೊರೆಯಿತು. ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳಲ್ಲಿ 'ಹೆಸರು, ಊರು ಬೇಡ' ಎಂಬ ಒಕ್ಕಣೆಯ ಕೆಳಗೆ ಅಚ್ಚಾದ ಕಾಗದಗಳನ್ನು ಓದಿ, ತನ್ನಂಥವನು ಇನ್ನೊಬ್ಬನಿದ್ದಾನೆಂದು ಹಳ್ಳಿಯ ತರುಣನೊಬ್ಬನು ಉಸಿರು ಬಿಟ್ಟ ರಾತ್ರಿಗಳು ಎಷ್ಟೋ. ಹೆಸರಿಲ್ಲದ ಆ ಕಾಗದಗಳಿಗೆ ನಮ್ಮ ನಾಡು ಋಣಿಯಾಗಿದೆ.

ಹೊಲದ ಸಾಲವೋ ಮನೆಯ ಕಲಹವೋ ಮಿತಿಮೀರಿದಾಗ ಬೆಳೆಗೆ ಹೊಡೆಯುವ ಎಣ್ಣೆಯನ್ನು ಕುಡಿದವರನ್ನು ನಡುರಾತ್ರಿಯಲ್ಲಿ ದವಾಖಾನೆಗೆ ತರುವುದು ನಮ್ಮ ಸೀಮೆಯ ಕರುಳು ಕಿತ್ತುಬರುವ ದೃಶ್ಯ. ಬದುಕಿ ಉಳಿದವನು ಕಣ್ತೆರೆದಾಗ ಬಹುಕಾಲ ಅವನ ಮಂಚದ ಬಳಿ ನಿಂತಿರುತ್ತಿದ್ದವನು ಪೋಲೀಸು. ಏಕೆಂದರೆ 1860ರ ದಂಡಸಂಹಿತೆಯ 309ನೆಯ ಕಲಮಿನಂತೆ ಆತ್ಮಹತ್ಯೆಯ ಯತ್ನವು ಅಪರಾಧವಾಗಿತ್ತು. ಸಾಯಬೇಕೆನಿಸಿದ್ದೇಕೆಂಬ ಮಾತನ್ನು, ಮೂಗಿನಲ್ಲಿ ನಳಿಗೆಯಿರುವಾಗಲೇ, ಅಕ್ಕಪಕ್ಕದ ಮಂಚದವರ ಕಿವಿ ನಿಮಿರಿರುವಾಗಲೇ, ಅವನು ಜಬಾಬಾಗಿ ಹೇಳಬೇಕಾಗಿತ್ತು. ಹಾಗಾಗಿ "ಕತ್ತಲ್ಯಾಗ ಕೆಮ್ಮಿನ ಔಷಧ ಅಂತ ಕುಡದ್ನಿರೀ" ಎಂಬ ಉತ್ತರವು ಎಲ್ಲೆಡೆ ಒಂದೇ ಧಾಟಿಯಲ್ಲಿ ಬರುತ್ತಿತ್ತು. ಇತ್ತ 1872ರ ಸಾಕ್ಷ್ಯ ಕಾಯಿದೆಯು ವಕೀಲನಿಗೆ ತನ್ನ ಪಕ್ಷಕಾರನ ಮಾತನ್ನು ಕಾಯ್ದುಕೊಳ್ಳುವ ರಕ್ಷೆಯನ್ನು ಕೊಟ್ಟಿತು, ವೈದ್ಯನಿಗೆ ಕೊಡಲಿಲ್ಲ. ಆಸ್ತಿಯ ಗುಟ್ಟಿಗೆ ದೊರೆತ ಕವಚ ಅಂತಃಕರಣದ ಗುಟ್ಟಿಗೆ ದೊರೆಯಲಿಲ್ಲವೆಂಬುದು ನನ್ನನ್ನು ಇಂದಿಗೂ ನೋಯಿಸುವ ಸಂಗತಿ.

ಸರಕಾರವು ಮನೋವೈದ್ಯವನ್ನು ಹಳ್ಳಿಗಳ ಬಳಿಗೆ ತರಲು ಮಾಡಿದ ಯತ್ನದಲ್ಲಿ ಕರ್ನಾಟಕದ ಪಾಲು ದೊಡ್ಡದು: 1975ರಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ, 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ನಡೆಸಿದ ಪ್ರಯೋಗಗಳ ಮೇಲೆಯೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ನಿಂತಿತು. ಮುಂದೆ 'ಮನೋಚೈತನ್ಯ' ಎಂಬ ಹೆಸರಿನಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ದಿನ ಮನೋವೈದ್ಯರು ಬಂದು ನೋಡುವ ಏರ್ಪಾಡಾಯಿತು. ಧಾರವಾಡದ ಹಾದಿ ಅರ್ಧ ತಾಸಿಗೆ ಇಳಿಯಿತು. ಇದು ನಿಜವಾಗಿ ಬಡವರ ಭಾಗ್ಯ. ಆದರೆ ದೂರದೊಡನೆ ಮರೆಯೂ ಹೋಯಿತು. ಧಾರವಾಡದಲ್ಲಿ ತನ್ನನ್ನು ಬಲ್ಲವರಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಸೋದರಮಾವನ ಓರಗೆಯವನು, ನೆಲ ಒರೆಸುವವಳು ಪಕ್ಕದ ಓಣಿಯವಳು, ಮಂಗಳವಾರದ ಸಾಲು ಯಾವುದರ ಸಾಲೆಂದು ಎದುರಿನ ಚಹದಂಗಡಿಯವನಿಗೂ ಗೊತ್ತು. ಇಂಥ ಒಂದು ಕಡೆ ಕಂಡ ಒಂದು ನೋಟವನ್ನು, ಊರು, ಕುಲ, ವಯಸ್ಸು ಯಾವುದನ್ನೂ ಹೇಳದೆ, ಇಲ್ಲಿಡುತ್ತೇನೆ. ಒಳಗಿನ ಕೋಣೆಗೆ ಬಾಗಿಲ ಬದಲು ಹಸಿರು ಪರದೆ. ಆಪ್ತಸಮಾಲೋಚಕಿಯೊಬ್ಬಳು ತಾನು ಕೂರುವ ಖುರ್ಚಿಯನ್ನು ಎತ್ತಿ ಪರದೆಯಿಂದ ದೂರದ ಮೂಲೆಗೆ ಇಟ್ಟು, ಫ್ಯಾನಿನ ಗುಂಡಿಯನ್ನು ಪೂರ್ತಿ ತಿರುವಿ, ಅದರ ಸದ್ದು ಏರಿದ ಮೇಲೆ ಮಾತಿಗೆ ಮೊದಲಿಟ್ಟಳು. ಆ ಬಿರುಸಾದ ಗಾಳಿಗೆ ಮೇಜಿನ ಹಾಳೆಗಳು ಹಾರದಂತೆ ಅವುಗಳ ಮೇಲೆ ಮೊಳಕೈಯೂರಿ ಕುಳಿತಿದ್ದಳು. ಬಾಗಿಲು ಕೊಡದ ಕಟ್ಟಡದಲ್ಲಿ ಸದ್ದಿನಿಂದ ಬಾಗಿಲು ಕಟ್ಟಿದ ಆಕೆಯ ಬುದ್ಧಿಗೆ ನಾನು ಮನದಲ್ಲೇ ಕೈಮುಗಿದೆನು.

2017ನೆಯ ಇಸವಿಯು ಈ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಗಣ್ಯವಾದುದು. ಆ ವರ್ಷ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ತೀರ್ಪಿಗೆ ಹೆಸರಾದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದೇ ವರ್ಷ ಅಂಗೀಕೃತವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ತನ್ನ 23ನೆಯ ಕಲಮಿನಲ್ಲಿ, ಮನೋರೋಗವುಳ್ಳವನಿಗೆ ತನ್ನ ಆರೋಗ್ಯದ ಸಂಗತಿಗಳು ಗುಟ್ಟಾಗಿರುವ ಹಕ್ಕನ್ನು ಕೊಟ್ಟು, ಚಿಕಿತ್ಸೆಯಲ್ಲಿ ತೊಡಗಿದವರೆಲ್ಲರ ಮೇಲೆ ಅದನ್ನು ಕಾಯುವ ಹೊಣೆ ಹೊರಿಸಿತು. ಪರರ ಪ್ರಾಣಕ್ಕೆ ಅಪಾಯವಿದ್ದಾಗ, ನ್ಯಾಯಾಲಯದ ಆಜ್ಞೆಯಾದಾಗ ಮುಂತಾದ ಕೆಲವೇ ಸಂದರ್ಭಗಳಲ್ಲಿ ಮಾತ್ರ ಬಿಚ್ಚಬಹುದೆಂದೂ, ಹಾನಿ ತಡೆಯಲು ಬಿಚ್ಚುವಾಗಲೂ ಅದಕ್ಕೆ ಬೇಕಾದಷ್ಟನ್ನೇ ಬಿಚ್ಚಬೇಕೆಂದೂ ಗೆರೆ ಎಳೆಯಿತು. 24ನೆಯ ಕಲಮು ರೋಗಿಯ ಒಪ್ಪಿಗೆಯಿಲ್ಲದೆ ಅವನ ಚಿತ್ರವನ್ನಾಗಲಿ ಸಂಗತಿಯನ್ನಾಗಲಿ ಪತ್ರಿಕೆ, ಟೀವಿಗಳಿಗೆ ಕೊಡುವುದನ್ನು ತಡೆಯಿತು, ಕಂಪ್ಯೂಟರಿನೊಳಗಿನ ದಾಖಲೆಯನ್ನೂ ಸೇರಿಸಿ. 25ನೆಯದು ತನ್ನ ಕುರಿತು ಬರೆದ ಹಾಳೆಯನ್ನು ತಾನೇ ನೋಡುವ ಹಕ್ಕನ್ನು ಕೊಟ್ಟಿತು. 1845ರಿಂದ ಅವನಿಗೆ ಮಾತ್ರ ಮುಚ್ಚಿದ್ದ ಕಡತವು ಅವನ ಕಡೆಗೆ ತೆರೆಯಿತು. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಮನಃಕ್ಲೇಶದಲ್ಲಿದ್ದನೆಂದೇ ಭಾವಿಸಬೇಕೆಂದು 115ನೆಯ ಕಲಮು ಹೇಳಿತು, 2024ರ ಜುಲೈಯಲ್ಲಿ ಜಾರಿಯಾದ ನ್ಯಾಯಸಂಹಿತೆಯಲ್ಲಿ ಹಳೆಯ 309 ಉಳಿದಿಲ್ಲ. ಇಂದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ 14416ಕ್ಕೆ ಫೋನು ಮಾಡಿ, ಊರ ಹೊರಗಿನ ಕೆರೆಯ ಏರಿಯ ಮೇಲೆ ಕುಳಿತು, ಮೋರೆ ತೋರಿಸದೆ ಮಾತಾಡುವುದೂ ಸಾಧ್ಯವಾಗಿದೆ.

ಈ ಹೊಸ ಕಾಯಿದೆಯನ್ನು ನಮ್ಮ ಮನೆಗಳು ನೋಯದೆ ಸ್ವೀಕರಿಸಿವೆಯೆಂದು ಹೇಳಲಾರೆನು. ಒಳಗೆ ಕರೆದ ಮಗಳೊಡನೆ ತಾನೂ ಎದ್ದ ತಾಯಿಯನ್ನು, "ನೀವು ಇಲ್ಲೇ ಕುಂದರ್ರಿ ಅಮ್ಮಾರ, ಆಮ್ಯಾಲ ನಿಮ್ಮನ್ನೂ ಕರೀತೀವಿ" ಎಂದು ತಡೆದಾಗ, "ನಾ ಹಡದಾಕಿ, ನನಗ ಕೇಳಬಾರ್ದಂಥಾದ್ದು ಆಕಿದು ಏನೈತ್ರೀ?" ಎಂದು ಆಕೆ ಕೇಳುವುದರಲ್ಲಿ ಹಟವಿಲ್ಲ, ಎದೆಯ ಉರಿಯಿದೆ. ಚರಕನ ಕಾಲದಿಂದ ಗುಟ್ಟು ಮನೆಯದಾಗಿದ್ದಿತಲ್ಲವೆ? ರಾತ್ರಿಯೆಲ್ಲ ಕಾವಲು ಕೂತವಳು ಆಕೆ, ಬಳೆ ಅಡವಿಟ್ಟು ಬಸ್‌ಚಾರ್ಜು ಕೊಟ್ಟವಳು ಆಕೆ. ನಮ್ಮಲ್ಲಿ ರೋಗಿಯನ್ನು ಉಳಿಸುವುದೂ ಮನೆಯೇ, ಒಮ್ಮೊಮ್ಮೆ ರೋಗಿಯು ಅಂಜುವುದೂ ಮನೆಗೇ. ಕಾಯಿದೆಯನ್ನು ಬರೆದವರು ಈ ಇಕ್ಕಟ್ಟನ್ನು ಅರಿತಿದ್ದರೆಂದು 14ನೆಯ ಕಲಮನ್ನು ಓದಿದಾಗ ನನಗೆ ತೋರಿತು. ವಯಸ್ಸಿಗೆ ಬಂದ ಯಾರಾದರೂ ತನ್ನ ಪರವಾಗಿ ನಿಲ್ಲಲು, ತನ್ನ ಚಿಕಿತ್ಸೆಯ ಸಂಗತಿ ತಿಳಿಯಲು, ಒಬ್ಬ ಪ್ರತಿನಿಧಿಯನ್ನು ತಾನೇ ಹೆಸರಿಸಬಹುದು. ಅದಕ್ಕೆ ಛಾಪಾಕಾಗದ ಬೇಡ, ಬಿಳಿಯ ಹಾಳೆ ಸಾಕು. ರುಜು ಬಾರದವರಿಗೆ ಹೆಬ್ಬೆಟ್ಟು ಸಾಕು. ಗಂಡನ ಹೆಸರನ್ನೇ ಬರೆಯಬೇಕೆಂದಿಲ್ಲ, ತಂದೆಯ ಹೆಸರನ್ನೇ ಬರೆಯಬೇಕೆಂದಿಲ್ಲ. ಬೆಂಚಿನ ಮೇಲೆ ಉಸಿರು ಬಿಗಿಹಿಡಿದು ಕುಳಿತ ತಾಯಿಯ ಹೆಸರನ್ನು ಬರೆಯಬಹುದು, ತವರಿನ ತಮ್ಮನದನ್ನು ಬರೆಯಬಹುದು, ಓಣಿಯ ಗೆಳತಿಯದನ್ನೂ ಬರೆಯಬಹುದು. ನಾಳೆ ಮನಸ್ಸು ಬದಲಾದರೆ ಅದನ್ನು ತೆಗೆಸಿ ಇನ್ನೊಂದನ್ನು ಬರೆಸಬಹುದು.